ಹೊಟ್ಟೆನೋವು ಎಂದು ಮಗು ಹೇಳಿದಾಗ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ತರಗತಿಯಲ್ಲಿ ಮಕ್ಕಳ ಬಾಯಿಂದ ನೀವು ಮತ್ತೆ ಮತ್ತೆ ಕೇಳುವ ದೂರು ಹೊಟ್ಟೆನೋವು. ಕೆಲವೊಮ್ಮೆ ಅದು ಲೆಕ್ಕದ ಪಾಠಕ್ಕೆ ಮಾತ್ರ ಬರುವ ನೋವು. ಅದು ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಎದೆಯ ಕೆಳಗಿನಿಂದ ತೊಡೆಯವರೆಗೆ ಎಲ್ಲಿ ಏನಾದರೂ ಮಗು ಹೇಳುವುದು ಆ ಒಂದೇ ಮಾತನ್ನು. ಮೂತ್ರ ಉರಿಯುತ್ತದೆ ಎನ್ನಲು ನಾಚಿಕೆ. ಮುಟ್ಟಾಗಿದೆ ಎನ್ನಲು ಸಂಕೋಚ. ನಮ್ಮ ಗಡಿನಾಡಿನ ಮಗುವಿಗೆ ಇದರ ಮೇಲೆ ಇನ್ನೊಂದು ತೊಡಕು. ಆಸ್ಪತ್ರೆಯ ಭಾಷೆ ಮನೆಯ ಭಾಷೆಯಲ್ಲ. ಕನ್ನಡ ಬಾರದವರು ಅಧ್ಯಾಪಕರಾಗಿ ಬಂದ ತರಗತಿಯಲ್ಲಂತೂ ಮಗು ಬಾಯಿ ತೆರೆಯುವುದೇ ಇಲ್ಲ. ಆದುದರಿಂದ ಆ ಒಂದು ಮಾತಿನ ಹಿಂದೆ ಏನಿರಬಹುದು, ಅದನ್ನು ಹೇಗೆ ಕೇಳಿ ತಿಳಿಯಬೇಕು ಎಂಬುದನ್ನಷ್ಟೇ ಇಂದು ಹೇಳುತ್ತೇನೆ.

ಮೊದಲನೆಯದು ಮೂತ್ರದ ಸೋಂಕು. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡ, ಗುದದ್ವಾರಕ್ಕೆ ಹತ್ತಿರ. ಕರುಳಿನ ರೋಗಾಣು ಒಳಸೇರಲು ಹೆಚ್ಚು ದೂರವಿಲ್ಲ. ಶಾಲೆಯ ಶೌಚಾಲಯಕ್ಕೆ ಹೋಗಲು ಹೇಸಿ ಬೆಳಗ್ಗಿನಿಂದ ನೀರು ಕುಡಿಯದೆ, ಸಂಜೆಯವರೆಗೆ ಮೂತ್ರ ಕಟ್ಟಿ ಕೂರುವ ಹುಡುಗಿಗೆ ಈ ಸೋಂಕು ಬೇಗ ತಗಲುತ್ತದೆ. ಮಲಬದ್ಧತೆ ಇದ್ದರೆ ಇನ್ನೂ ಬೇಗ. ಉರಿ, ಪದೇ ಪದೇ ಸ್ವಲ್ಪ ಸ್ವಲ್ಪವೇ ಹೋಗುವುದು, ಕಿಬ್ಬೊಟ್ಟೆಯ ನೋವು, ಮೂತ್ರ ಕದಡಿ ವಾಸನೆ ಬರುವುದು, ಇವು ಲಕ್ಷಣಗಳು. ಚಳಿಜ್ವರ, ವಾಂತಿ, ಸೊಂಟದ ಮೇಲೆ ಪಕ್ಕೆಯ ಹಿಂಭಾಗದಲ್ಲಿ ನೋವು ಸೇರಿದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು. ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಬಾರ್ಲಿ ನೀರು, ಎಳನೀರು ಕುಡಿಸಬಹುದು, ಆದರೆ ಅವು ಔಷಧಿಯಲ್ಲ. ಮನೆಯಲ್ಲಿ ಉಳಿದ ಮಾತ್ರೆ ಕೊಡಬೇಡಿ. ಮೊದಲು ಮೂತ್ರ ಪರೀಕ್ಷೆ, ಆಮೇಲೆ ಮದ್ದು. ಉರಿ ನಿಂತಿತೆಂದು ವೈದ್ಯರು ಹೇಳಿದ ದಿನಗಳಿಗೆ ಮುಂಚೆ ಮದ್ದು ನಿಲ್ಲಿಸಬಾರದು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕೆಂದು ತಾಯಂದಿರು ಮಗಳಿಗೆ ಚಿಕ್ಕಂದಿನಲ್ಲೇ ಕಲಿಸಿಕೊಡಿ.

ಎರಡನೆಯದು ಮುಟ್ಟಿನ ನೋವು. ಮೊದಲ ಒಂದೆರಡು ದಿನ ಕಿಬ್ಬೊಟ್ಟೆ, ಸೊಂಟ, ತೊಡೆ ನೋಯುವುದು ಸಾಮಾನ್ಯ. ಬಿಸಿನೀರಿನ ಶಾಖ ಹಿತ ಕೊಡುತ್ತದೆ. ವೈದ್ಯರನ್ನು ಕೇಳಿ ನೋವಿನ ಮಾತ್ರೆ ಕೊಡುವುದರಲ್ಲಿ ತಪ್ಪಿಲ್ಲ. ಬಟ್ಟೆ ಬಳಸುವವರು ಸಾಬೂನಿನಲ್ಲಿ ಒಗೆದು ಬಿಸಿಲಿಗೇ ಒಣಹಾಕಬೇಕು; ಮರೆಯಲ್ಲಿ, ತೇವದಲ್ಲಿ ಬಚ್ಚಿಡಬಾರದು. ರಕ್ತಸ್ರಾವ 7 ದಿನ ಮೀರಿದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ತಿಂಗಳು ತಿಂಗಳೂ ಶಾಲೆ ತಪ್ಪುವಷ್ಟು ನೋವಿದ್ದರೆ, 15 ತುಂಬಿದರೂ ಮುಟ್ಟು ಬಾರದಿದ್ದರೆ ವೈದ್ಯರಿಗೆ ತೋರಿಸಿ. ‘ಹೆಣ್ಣಾದ ಮೇಲೆ ಸಹಿಸಬೇಕು’ ಎಂಬ ಮಾತು ಚಿಕಿತ್ಸೆಯಲ್ಲ.

ಮೂರನೆಯದು ಕಾಯಲಾಗದ ನೋವುಗಳು. ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದು, ನಡೆದರೆ ಕೆಮ್ಮಿದರೆ ಹೆಚ್ಚುವ ನೋವು ಅಪೆಂಡಿಕ್ಸಿನದ್ದಿರಬಹುದು. ಹರಳೆಣ್ಣೆ ಕುಡಿಸಬೇಡಿ, ಶಾಖ ಕೊಡಬೇಡಿ, ಊಟ ಕೊಡಬೇಡಿ. ನೇರ ಆಸ್ಪತ್ರೆಗೆ ಹೋಗಿ. ಇನ್ನು ಗಂಡುಮಕ್ಕಳು. ಹುಡುಗನಿಗೆ ಒಮ್ಮೆಲೇ ಜೋರಾಗಿ ಕಿಬ್ಬೊಟ್ಟೆ ನೋವು ಬಂದು ವಾಂತಿಯಾದರೆ, ವೃಷಣದಲ್ಲಿ ನೋವಿದೆಯೇ ಎಂದು ಕೇಳಲೇಬೇಕು. ಕೆಲವೊಮ್ಮೆ ವೃಷಣ ತಿರುಚಿಕೊಂಡು ಅದರ ರಕ್ತ ಸಂಚಾರ ನಿಲ್ಲುತ್ತದೆ. 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ಅದು ಉಳಿಯುವ ಸಾಧ್ಯತೆ ಹೆಚ್ಚು. ಹೊತ್ತು ಕಳೆದಷ್ಟೂ ಆ ಸಾಧ್ಯತೆ ಕಡಿಮೆ. ನಾಚಿಕೆಯಿಂದ ಹುಡುಗ ಹೊಟ್ಟೆ ಎಂದಷ್ಟೇ ಹೇಳಿ ರಾತ್ರಿ ಕಳೆದರೆ ಬೆಳಗಾಗುವಾಗ ತಡವಾಗಿರುತ್ತದೆ.

ಹೀಗಾಗಿ ಮಗುವನ್ನು ಒಂದು ಬದಿಗೆ ಕರೆದು, ಅದರ ಮನೆಮಾತಿನಲ್ಲೇ ಐದು ಪ್ರಶ್ನೆ ಕೇಳಿ. ಎಲ್ಲಿ ನೋವು, ಬೆರಳಿಟ್ಟು ತೋರಿಸು. ಯಾವಾಗಿನಿಂದ? ಮೂತ್ರ ಮಾಡುವಾಗ ಉರಿಯುತ್ತದೆಯೇ? ಜ್ವರ, ವಾಂತಿ ಇದೆಯೇ? ದೊಡ್ಡ ಹುಡುಗಿಯಾದರೆ, ಮುಟ್ಟು ಎಂದಿನಿಂದ? ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದು, ಊರಿನ ಭಾಷೆ ಬಲ್ಲವರಿಂದ ಅದರ ಕೆಳಗೇ ಆ ಭಾಷೆಯಲ್ಲೂ ಬರೆಸಿ, ಮಗುವಿನ ಕೂಡ ಕಳುಹಿಸಿ. ಆಶಾ ಕಾರ್ಯಕರ್ತೆಯರ ಸಹಾಯ ಪಡೆಯಿರಿ.

ಈ ಪತ್ರಿಕೆ ಹೊಸೂರು, ಸೊಲ್ಲಾಪುರ, ಆದವಾನಿಯ ಓದುಗರ ಕೈಗೂ ಹೋಗುವುದರಿಂದ ನಾಲ್ಕು ಭಾಷೆಯ ಮಾತುಗಳನ್ನು ಕೊಡುತ್ತೇನೆ. ಹೊಟ್ಟೆನೋವಿಗೆ ಮಲೆಯಾಳದಲ್ಲಿ ‘ವಯರು ವೇದನ’, ತಮಿಳಿನಲ್ಲಿ ‘ವಯಿತ್ತು ವಲಿ’, ಮರಾಠಿಯಲ್ಲಿ ‘ಪೋಟದುಖೀ’, ತೆಲುಗಿನಲ್ಲಿ ‘ಕಡುಪು ನೊಪ್ಪಿ’. ಉರಿಮೂತ್ರಕ್ಕೆ ಕ್ರಮವಾಗಿ ‘ಮೂತ್ರಂ ಒಳಿಕ್ಕುಂಬೋಳ್ ಪುಗಚ್ಚಿಲ್’, ‘ನೀರ್ಕಡುಪ್ಪು’, ‘ಲಘವೀಲಾ ಜಳಜಳ’, ‘ಮೂತ್ರಂಲೋ ಮಂಟ’. ನೋಡಿ, ತೆಲುಗಿನ ‘ಕಡುಪು’ ಹೊಟ್ಟೆ. ತಮಿಳಿನ ‘ಕಡುಪ್ಪು’ ಉರಿನೋವು. ಎರಡೂ ಕಿವಿಗೆ ಬೀಳುವ ಹೊಸೂರಿನಂಥ ಕಡೆ ಅರ್ಥ ಅದಲುಬದಲಾಗುವುದು ಸುಲಭ. ಮಾತು ಸಾಲದೆ ಹೋದಾಗ ಬೆರಳಿಟ್ಟು ತೋರಿಸುವಂತೆ ಮಗುವಿಗೆ ಹೇಳಿಕೊಡಿ.

ಕೊನೆಯದಾಗಿ ಶೌಚಾಲಯ. ಬಾಗಿಲಿಗೆ ಚಿಲಕ, ಒಳಗೆ ನೀರು, ಒಂದು ಕಸದ ಬುಟ್ಟಿ ಇಲ್ಲದ ಶೌಚಾಲಯ ಇದ್ದೂ ಇಲ್ಲದಂತೆ. ಎಲ್ಲ ಶಾಲೆಗಳಲ್ಲಿ ಕುಡಿಯುವ ನೀರು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ 6 ತಿಂಗಳೊಳಗೆ ಆಗಬೇಕೆಂದು ಸುಪ್ರೀಂ ಕೋರ್ಟ್ 2012ರ ಅಕ್ಟೋಬರಿನಲ್ಲಿ ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿದೆ. ನಿಮ್ಮ ಶಾಲೆಯಲ್ಲಿ ಅದು ಆಗಿಲ್ಲವಾದರೆ ಅರ್ಜಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಪ್ರತಿಯೊಬ್ಬರಿಗೂ ಕೊಟ್ಟಿದೆ. ಅರ್ಜಿಯ ಒಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿ ಇಟ್ಟುಕೊಳ್ಳಿ.

ಅಧ್ಯಾಪಕರಲ್ಲಿ ಒಂದು ಬಿನ್ನಹ. ಪಾಠದ ನಡುವೆ ಮಗು ಹೊರಗೆ ಹೋಗಬೇಕೆಂದು ಕೈ ಎತ್ತಿದರೆ ‘ಗಂಟೆ ಹೊಡೆಯಲಿ’ ಎನ್ನಬೇಡಿ. ದಿನಕ್ಕೆ ಎರಡು ಸಲ ಎಲ್ಲರೂ ಒಟ್ಟಿಗೆ ನೀರು ಕುಡಿಯುವ ರೂಢಿ ಮಾಡಿ. ಭಾಷೆಯ ಹಕ್ಕು ಎಂದರೆ ಪಠ್ಯಪುಸ್ತಕದ ಹಕ್ಕು ಮಾತ್ರವಲ್ಲ. ತನಗೆ ಎಲ್ಲಿ ನೋಯುತ್ತಿದೆ ಎಂದು ಮಗು ತನ್ನ ನುಡಿಯಲ್ಲಿ ಹೇಳಿ, ಕೇಳುವವರಿಗೆ ಅದು ತಿಳಿಯುವ ಹಕ್ಕೂ ಹೌದು.