ಮತ ಎಣಿಕೆ ಮುಗಿಯಿತು, ವಿವಾದ ಮುಗಿಯಲಿಲ್ಲ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರಜಾಪ್ರಭುತ್ವದಲ್ಲಿ ಜನರ ತೀರ್ಪೇ ಅಂತಿಮ ಎಂಬ ಮಾತನ್ನು ನಾವೆಲ್ಲರೂ ಕೇಳುತ್ತಲೇ ಬಂದಿದ್ದೇವೆ. ಆದರೆ ಜನರು ನೀಡಿದ ತೀರ್ಪಾದರೂ ಏನು ಎಂಬ ಬಗ್ಗೆಯೇ ಜನರಲ್ಲಿ ಒಮ್ಮತವಿಲ್ಲದಿದ್ದರೆ? ಗೆದ್ದವರು 'ಇನ್ನು ಮಾತು ಬೇಡ' ಎಂದೂ, ಸೋತವರು 'ಇನ್ನೊಮ್ಮೆ ಕೇಳಿ' ಎಂದೂ ಪಟ್ಟು ಹಿಡಿದರೆ? ಇದು ಕಾಲ್ಪನಿಕ ಪ್ರಶ್ನೆಯೇನಲ್ಲ. ಸಂಸದೀಯ ಪ್ರಜಾಪ್ರಭುತ್ವದ ತವರು ಎಂದು ಕರೆಸಿಕೊಳ್ಳುವ ಬ್ರಿಟನ್, 2016ರಿಂದ 2020ರವರೆಗೆ ಇದೇ ಪ್ರಶ್ನೆಯ ಸುಳಿಯಲ್ಲಿ ಸಿಲುಕಿ ಒದ್ದಾಡಿತು.

2016 ಜೂನ್ 23ರಂದು ಅಲ್ಲಿ ಜನಮತಗಣನೆ ನಡೆಯಿತು. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಅಥವಾ ಹೊರಬರಬೇಕೇ ಎಂಬುದಷ್ಟೇ ಪ್ರಶ್ನೆ. ಶೇ. 72ರಷ್ಟು ಮತದಾನವಾಯಿತು. ಹೊರಬರೋಣ ಎಂದವರು ಶೇ. 51.9, ಅಂದರೆ ಸುಮಾರು 1 ಕೋಟಿ 74 ಲಕ್ಷ ಮಂದಿ. ಉಳಿಯೋಣ ಎಂದವರು ಶೇ. 48.1, ಅಂದರೆ 1 ಕೋಟಿ 61 ಲಕ್ಷ ಮಂದಿ. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಬರುವ ಪರವಾಗಿದ್ದರೆ, ಸ್ಕಾಟ್ಲೆಂಡಿನ ಶೇ. 62 ಮತ್ತು ಉತ್ತರ ಐರ್ಲೆಂಡಿನ ಸುಮಾರು ಶೇ. 56 ಮತದಾರರು ಉಳಿಯುವ ಪರವಾಗಿದ್ದರು. ಮರುದಿನವೇ ಪ್ರಧಾನಿ ಡೇವಿಡ್ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು. ಜನಮತಗಣನೆಯನ್ನು ಕರೆದವರೂ ಅವರೇ, ಉಳಿಯೋಣ ಎಂದು ಪ್ರಚಾರ ಮಾಡಿದವರೂ ಅವರೇ. ಜನರು ಹೊರಹೋಗೋಣ ಎಂದರೆ ಏನು ಮಾಡಬೇಕೆಂಬ ಸಿದ್ಧತೆಯನ್ನು ಮಾತ್ರ ಅವರ ಸರಕಾರ ಮಾಡಿಕೊಂಡಿರಲಿಲ್ಲ.

ಸಮಸ್ಯೆ ಆರಂಭವಾದದ್ದು ಇಲ್ಲಿಯೇ. 'ಹೊರಬರುವುದು' ಎಂದರೆ ಏನು? ಒಕ್ಕೂಟದ ಏಕ ಮಾರುಕಟ್ಟೆಯನ್ನೂ ಬಿಡುವುದೇ? ಸುಂಕ ಒಪ್ಪಂದವನ್ನೂ ಕಡಿದುಕೊಳ್ಳುವುದೇ? ಐರ್ಲೆಂಡ್ ದ್ವೀಪದಲ್ಲಿ ಸುಮಾರು 500 ಕಿ.ಮೀ. ಉದ್ದದ ಗಡಿಯಿದೆ. ದಶಕಗಳ ರಕ್ತಪಾತದ ಬಳಿಕ 1998ರ ಒಪ್ಪಂದದಿಂದ ಅಲ್ಲಿ ಶಾಂತಿ ನೆಲೆಸಿತ್ತು. ಆ ಗಡಿಯಲ್ಲಿ ಮತ್ತೆ ತಪಾಸಣಾ ಠಾಣೆಗಳು ಏಳಬೇಕೇ? ಮತಪತ್ರ ಇದಾವುದನ್ನೂ ಕೇಳಿರಲಿಲ್ಲ. ಜನರು ಹೇಳಿದ್ದು ಒಂದು ಪದ. ಆ ಪದಕ್ಕೆ ಪ್ರತಿಯೊಬ್ಬ ರಾಜಕಾರಣಿಯೂ ತನಗೆ ಬೇಕಾದ ಅರ್ಥವನ್ನು ಬರೆದುಕೊಂಡ. ಬಳಿಕ ಅದನ್ನೇ 'ಜನರ ಇಚ್ಛೆ' ಎಂದು ಕರೆದ.

ಕಾನೂನಿನ ದೃಷ್ಟಿಯಲ್ಲಂತೂ ಆ ಜನಮತಗಣನೆ ಸಲಹಾತ್ಮಕವಾಗಿತ್ತು. ಫಲಿತಾಂಶವನ್ನು ಜಾರಿಗೊಳಿಸಲೇಬೇಕು ಎಂದು 2015ರ ಕಾಯ್ದೆ ಹೇಳಿರಲಿಲ್ಲ. ಆದ್ದರಿಂದ, ಒಕ್ಕೂಟದಿಂದ ಹೊರಬರುವ ಪ್ರಕ್ರಿಯೆಯನ್ನು ಸಂಸತ್ತಿನ ಅನುಮತಿಯಿಲ್ಲದೆ ಸರಕಾರ ಆರಂಭಿಸುವಂತಿಲ್ಲ ಎಂದು 2016ರ ನವೆಂಬರ್‌ನಲ್ಲಿ ಮೂವರು ನ್ಯಾಯಾಧೀಶರು ತೀರ್ಪಿತ್ತರು. ಮರುದಿನ 'ಡೇಲಿ ಮೇಲ್' ಪತ್ರಿಕೆ ಆ ಮೂವರ ಭಾವಚಿತ್ರ ಮುದ್ರಿಸಿ ಅವರನ್ನು ಜನರ ಶತ್ರುಗಳೆಂದು ಕರೆಯಿತು! ನ್ಯಾಯಾಧೀಶರು ಬ್ರೆಕ್ಸಿಟ್ ಬೇಡವೆಂದು ಹೇಳಿದ್ದರೇ? ಇಲ್ಲ. ಸಂಸತ್ತನ್ನು ಕೇಳಿ ಎಂದಷ್ಟೇ ಹೇಳಿದ್ದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 8-3ರ ಬಹುಮತದಿಂದ ಅದನ್ನೇ ಎತ್ತಿಹಿಡಿಯಿತು, ಸಂಸತ್ತು ಅನುಮತಿಯನ್ನೂ ನೀಡಿತು. ಹಾಗಾದರೆ ಶತ್ರುಗಳು ಯಾರು? ಬಹುಮತದ ಹೆಸರಿನಲ್ಲಿ ನ್ಯಾಯಾಲಯವನ್ನು ಬೆದರಿಸುವ ಈ ಚಾಳಿ ಅಪಾಯಕಾರಿಯಾದುದು. ಏಕೆಂದರೆ ನ್ಯಾಯಾಲಯದ ಅಗತ್ಯ ಹೆಚ್ಚಾಗಿ ಬೀಳುವುದು ಸಂಖ್ಯೆಯಲ್ಲಿ ಕಡಿಮೆ ಇರುವವರಿಗೆ.

ಬೀದಿಯಲ್ಲಿ ನಡೆದುದು ಇನ್ನೂ ಗಂಭೀರ. ಪ್ರಚಾರದ ಅವಧಿಯಲ್ಲೇ ಭಯವನ್ನು ಧಾರಾಳವಾಗಿ ಬಿತ್ತಲಾಗಿತ್ತು. 7 ಕೋಟಿ 60 ಲಕ್ಷ ಜನಸಂಖ್ಯೆಯ ತುರ್ಕಿ ಒಕ್ಕೂಟವನ್ನು ಸೇರಲಿದೆ ಎಂಬ ಭಿತ್ತಿಪತ್ರಗಳು ಬಂದವು. ನಿರಾಶ್ರಿತರ ಸಾಲಿನ ಚಿತ್ರವನ್ನು ದೇಶಕ್ಕೆ ಬಂದ ಆಪತ್ತೆಂಬಂತೆ ತೋರಿಸಲಾಯಿತು. ಮತದಾನಕ್ಕೆ ಒಂದು ವಾರವಿರುವಾಗ ಜೋ ಕಾಕ್ಸ್ ಎಂಬ ಸಂಸದೆಯನ್ನು ಬಲಪಂಥೀಯ ಉಗ್ರವಾದಿಯೋರ್ವ ಹಾಡಹಗಲೇ ಕೊಂದ. ಫಲಿತಾಂಶದ ಬಳಿಕ, 2016ರ ಜುಲೈ ತಿಂಗಳಲ್ಲಿ ಪೊಲೀಸರು ದಾಖಲಿಸಿದ ಜನಾಂಗೀಯ ಅಥವಾ ಧಾರ್ಮಿಕ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ. 41ರಷ್ಟು ಹೆಚ್ಚಿದ್ದವು. ಹೊರಬರೋಣ ಎಂದ ಕೋಟ್ಯಂತರ ಮಂದಿ ದ್ವೇಷಿಗಳಾಗಿದ್ದರು ಎಂದು ಇದರರ್ಥವಲ್ಲ. ಆದರೆ ದ್ವೇಷಿಸುತ್ತಿದ್ದವರು, ದೇಶವೇ ತಮ್ಮ ಜೊತೆಗಿದೆ ಎಂದು ಭಾವಿಸಿದರು. ಸರಕುಸುಂಕದ ಕುರಿತ ಮತವನ್ನು ನೆರೆಮನೆಯವನನ್ನು ಓಡಿಸುವ ಪರವಾನಿಗೆಯೆಂದು ಓದಿಕೊಂಡರು.

ಹಾಗಂತ ಸೋತವರ ನಡವಳಿಕೆ ನಿಷ್ಕಳಂಕವಾಗಿತ್ತೇ? ಅದೂ ಅಲ್ಲ. ಹೊರಬರೋಣ ಎಂದವರು ಅವಿದ್ಯಾವಂತರು, ಮೋಸಹೋದ ಮುದುಕರು ಎಂಬ ತಾತ್ಸಾರ ನಗರಗಳ ಪ್ರತಿಷ್ಠಿತರಲ್ಲಿ ಎದ್ದು ಕಾಣುತ್ತಿತ್ತು. ಕಾರ್ಖಾನೆ ಮುಚ್ಚಿದ, ಗಣಿ ಮುಚ್ಚಿದ ಊರುಗಳ ಜನರು ಯಾಕೆ ಹಾಗೆ ಮತ ಹಾಕಿದರೆಂದು ಕೇಳುವ ವ್ಯವಧಾನ ಹಲವರಿಗಿರಲಿಲ್ಲ. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತಿದೆ ಎಂದು ಬಸ್ಸಿನ ಮೇಲೆ ಬರೆದುಕೊಂಡು ತಿರುಗಿದವರನ್ನು ಅಂಕಿಅಂಶ ಪ್ರಾಧಿಕಾರವೇ ಟೀಕಿಸಿತ್ತು, ನಿಜ. ಆದರೆ ಸೋತರೆ ತುರ್ತು ಬಜೆಟ್ ತಂದು ತೆರಿಗೆ ಏರಿಸಬೇಕಾದೀತು ಎಂದು ಇನ್ನೊಂದು ಪಾಳಯದ ಹಣಕಾಸು ಸಚಿವರೂ ಹೆದರಿಸಿದ್ದರು. ಅಂಥ ಬಜೆಟ್ ಬರಲೇ ಇಲ್ಲ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಬ್ರೆಕ್ಸಿಟ್‌ನ ಮುಂಚೂಣಿ ನಾಯಕ ನೈಜೆಲ್ ಫರಾಜ್, ಫಲಿತಾಂಶ 52-48 ಆಗಿ ತಮ್ಮ ಪಾಳಯ ಸೋತರೆ ವಿಷಯ ಅಲ್ಲಿಗೆ ಮುಗಿಯದು ಎಂದು ಮತದಾನಕ್ಕೆ ಮೊದಲೇ ಹೇಳಿದ್ದರು. ಫಲಿತಾಂಶ ಬಂದದ್ದು ಅದೇ ಅಂತರದಲ್ಲಿ, ಗೆಲುವು ಮಾತ್ರ ಅವರದಾಗಿತ್ತು. ಆಗ ವಿಷಯ ಮುಗಿದುಹೋಯಿತು! ತನಗೊಂದು ತಕ್ಕಡಿ, ಎದುರಾಳಿಗೊಂದು ತಕ್ಕಡಿ. ಇದು ಒಬ್ಬರ ದೋಷವಲ್ಲ, ಎಲ್ಲ ಪಾಳಯಗಳಲ್ಲೂ ಇರುವ ರೋಗ.

ಸಂಸತ್ತಿನ ಪಾಡಂತೂ ಕೇಳುವುದೇ ಬೇಡ. ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದ 2019ರ ಜನವರಿಯಲ್ಲಿ 432-202ರಿಂದ ಬಿದ್ದುಹೋಯಿತು. ಮಾರ್ಚ್ ತಿಂಗಳಲ್ಲಿ ಸಂಸದರ ಮುಂದೆ ಎಂಟು ಬೇರೆ ಬೇರೆ ದಾರಿಗಳನ್ನು ಇಡಲಾಯಿತು. ಎಂಟಕ್ಕೂ ಬಹುಮತ ಸಿಗಲಿಲ್ಲ. ಇಡೀ ಪ್ರಕ್ರಿಯೆಯನ್ನೇ ಕೈಬಿಡಿ ಎಂಬ ಮನವಿಗೆ 60 ಲಕ್ಷಕ್ಕೂ ಮಿಕ್ಕಿ ಸಹಿ ಬಿತ್ತು. ಬಳಿಕ ಬಂದ ಬೋರಿಸ್ ಜಾನ್ಸನ್ ಸಂಸತ್ತಿನ ಅಧಿವೇಶನವನ್ನೇ ಮುಂದೂಡಿಸಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಅದನ್ನು ಒಮ್ಮತದಿಂದ ಕಾನೂನುಬಾಹಿರವೆಂದರು. ಡಿಸೆಂಬರ್‌ನ ಚುನಾವಣೆಯಲ್ಲಿ ಜಾನ್ಸನ್ ಭಾರೀ ಬಹುಮತ ಗಳಿಸಿದರು. 2020 ಜನವರಿ 31ರಂದು ಬ್ರಿಟನ್ ಹೊರಬಂತು. 2016ರ ಜುಲೈಯಿಂದ 2024ರ ಜುಲೈವರೆಗೆ ಆ ದೇಶ ಐವರು ಹೊಸ ಪ್ರಧಾನಿಗಳನ್ನು ಕಂಡಿತು.

ಈ ಕತೆಯಲ್ಲಿ ನಮ್ಮವರೂ ಇದ್ದಾರೆ. ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಭಾರತೀಯ ಪ್ರಜೆಗಳಿಗೂ ಮತದಾನದ ಹಕ್ಕಿತ್ತು. ಅಲ್ಲೇ ಇಪ್ಪತ್ತು ವರ್ಷಗಳಿಂದ ದುಡಿಯುತ್ತಿದ್ದ ಫ್ರಾನ್ಸಿನ ಅಥವಾ ಪೋಲೆಂಡಿನ ಪ್ರಜೆಗೆ ಆ ಹಕ್ಕಿರಲಿಲ್ಲ. ಯಾರ ಬದುಕಿನ ಮೇಲೆ ನಿರ್ಧಾರವು ಎರಗುವುದೋ ಅವರೇ ಮತಗಟ್ಟೆಯ ಹೊರಗಿದ್ದರು. ಐರೋಪ್ಯರ ಬರುವಿಕೆ ನಿಂತರೆ ನಮ್ಮ ಬಾಣಸಿಗರಿಗೆ ವೀಸಾ ಸುಲಭವಾದೀತು ಎಂದು ನಂಬಿ, ಬಾಂಗ್ಲಾ ಮೂಲದ ಕೆಲವು ಹೋಟೆಲು ಮಾಲಕರು ಹೊರಬರುವ ಪಕ್ಷವನ್ನು ಬೆಂಬಲಿಸಿದ್ದರು. ನಿರೀಕ್ಷಿಸಿದ್ದು ಸಿಗದೆ ಅವರು ನಿರಾಶರಾದರು. ವಲಸೆ ಇಳಿಯಲಿ ಎಂದು ಮತ ಹಾಕಿದವರಿಗೂ ನಿರಾಸೆಯೇ ಕಾದಿತ್ತು. 2023ರ ಹೊತ್ತಿಗೆ ವಾರ್ಷಿಕ ನಿವ್ವಳ ವಲಸೆ 9 ಲಕ್ಷ ದಾಟಿತು.

ಹಾಗಾದರೆ ಜನಮತವನ್ನು ಕೇಳುವುದೇ ತಪ್ಪೇ? ಖಂಡಿತ ಅಲ್ಲ. ನಮ್ಮ ನೆರೆಯ ಗೋವಾವನ್ನೇ ನೋಡಿ. ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಅಥವಾ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೇ ಎಂದು 1967 ಜನವರಿ 16ರಂದು ಅಲ್ಲಿ ಜನರನ್ನು ಕೇಳಲಾಯಿತು. ಎರಡು ಉತ್ತರಗಳ ಪರಿಣಾಮವೂ ಮತದಾರನಿಗೆ ತಿಳಿದಿತ್ತು. ಮತದಾನ ನಿಷ್ಪಕ್ಷಪಾತವಾಗಿರಲಿ ಎಂದು, ವಿಲೀನವಾದಿಯಾಗಿದ್ದ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸರಕಾರ ಮೊದಲೇ ರಾಜೀನಾಮೆ ನೀಡಿತ್ತು. ಸುಮಾರು 34 ಸಾವಿರ ಮತಗಳ ಅಂತರದಿಂದ ವಿಲೀನವಾದ ಸೋತಿತು. ಆದರೆ ಕೆಲವೇ ವಾರಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಅದೇ ಬಾಂದೋಡ್ಕರ್ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. ಜನರು ಅವರ ಒಂದು ವಾದವನ್ನು ತಿರಸ್ಕರಿಸಿದರು, ಅವರನ್ನಲ್ಲ. ಸೋತವರನ್ನು ದ್ರೋಹಿಗಳೆಂದು ಕರೆದು ಮೂಲೆಗೆ ತಳ್ಳುತ್ತಿದ್ದರೆ ಇದು ಸಾಧ್ಯವಿತ್ತೇ?

ಸಹೋದರ ಸಹೋದರಿಯರೇ, ಬ್ರಿಟನ್ ಕಲಿಸಿದ ಪಾಠ ದೂರದ ಪಾಠವಲ್ಲ. ನಮ್ಮ ಜಮಾಅತ್ ಸಮಿತಿಗಳಲ್ಲಿ, ಶಾಲೆಗಳ ಆಡಳಿತ ಮಂಡಳಿಗಳಲ್ಲಿ, ಮನೆಯ ಪಾಲುಪಟ್ಟಿಯ ಮಾತುಕತೆಗಳಲ್ಲಿ ನಾವು ನಿತ್ಯ ತೀರ್ಮಾನ ಮಾಡುತ್ತೇವೆ. ಕೈ ಎತ್ತಿಸುವುದು ಸುಲಭ. ಎತ್ತದ ಕೈಗಳನ್ನು ಜೊತೆಗಿಟ್ಟುಕೊಳ್ಳುವುದು ಕಷ್ಟ. ಕೇಳುವ ಮೊದಲು ಪ್ರಶ್ನೆ ಸ್ಪಷ್ಟವಾಗಿರಲಿ. ಉತ್ತರ ಯಾವುದೇ ಬಂದರೂ ನಾಳೆ ಏನು ಮಾಡುವೆವೆಂದು ಇಂದೇ ಹೇಳೋಣ. ಗೆದ್ದರೆ, ಸೋತವನ ಮಾತು ಕೇಳುವ ಸೌಜನ್ಯ ನಮ್ಮಲ್ಲಿರಲಿ. ಸೋತರೆ, ಗೆದ್ದವನನ್ನು ಮೂರ್ಖನೆನ್ನದೆ ತೀರ್ಪನ್ನು ಒಪ್ಪಿಕೊಂಡು, ನಮ್ಮ ವಾದವನ್ನು ಶಾಂತವಾಗಿ ಮುಂದಿಡುವ ಸಹನೆ ಇರಲಿ. ಶೇ. 52 ಮಂದಿಗೆ ಆಡಳಿತ ನಡೆಸುವ ಅಧಿಕಾರವಿದೆ. ಉಳಿದ ಶೇ. 48 ಮಂದಿಯನ್ನು ಇಲ್ಲವಾಗಿಸುವ ಅಧಿಕಾರ ಅವರಿಗೆ ಯಾವ ಮತಪೆಟ್ಟಿಗೆಯಿಂದಲೂ ದಕ್ಕುವುದಿಲ್ಲ.