ಜೆನರಸ್: ಹಾಯಿಲ್‌ನಲ್ಲಿ ಕಲಿಯಬೇಕಾದ ಪದ

ಇವತ್ತಿನ ಮಾತು ನಿಮಗೆಲ್ಲ ಗೊತ್ತಿರುವ ಇಂಗ್ಲಿಷ್ ಪದವೊಂದರ ಬಗ್ಗೆ: ಜೆನರಸ್. ನಿಘಂಟಿನಲ್ಲಿ ‘ಉದಾರಿ, ಧಾರಾಳಿ’ ಎಂದಿರುತ್ತದೆ. ಅಷ್ಟಕ್ಕೇ ಬಿಟ್ಟರೆ ಅದು ದುಡ್ಡಿದ್ದವರ ಗುಣ ಅನ್ನಿಸಿಬಿಡುತ್ತದೆ.

ಇದರ ಬೇರು ಲ್ಯಾಟಿನ್‌ನ ‘ಜೆನೆರೋಸುಸ್’. ಒಳ್ಳೆಯ ಕುಲದಲ್ಲಿ ಹುಟ್ಟಿದವನು ಎಂದರ್ಥ. ಇಂಗ್ಲಿಷಿನಲ್ಲೂ ಮೊದಲು ಇದೇ ಅರ್ಥವಿತ್ತು. ಬರಬರುತ್ತ ಹುಟ್ಟಿನ ಹಿರಿಮೆ ಹೋಗಿ ಕೊಡುವ ಕೈಯ ಹಿರಿಮೆ ಬಂತು. ನೀವು ದಿನಾ ಕೇಳುವ ಅರಬ್ಬಿಯ ‘ಕರೀಮ್’ಗೂ ಕುಲೀನ, ಉದಾರಿ ಎಂಬ ಎರಡೂ ಅರ್ಥಗಳಿವೆ.

ನಾವಿರುವ ಹಾಯಿಲ್ ಹಾತಿಂ ತಾಯಿಯ ನಾಡು. ಅವನು ಆರನೇ ಶತಮಾನದ ಕವಿ, ತಾಯಿ ಕುಲದವನು. ಸಾದಿ ಕವಿಯ ‘ಬೋಸ್ತಾನ್’ನಲ್ಲಿ ಅವನ ಕಥೆಯಿದೆ. ರೂಮ್ ದೇಶದ ದೊರೆ ಅವನ ಹೆಸರಾಂತ ಕುದುರೆಯನ್ನು ಕೇಳಲು ದೂತನನ್ನು ಕಳಿಸುತ್ತಾನೆ. ಅವತ್ತು ರಾತ್ರಿ ಮಳೆ, ಮಂದೆ ದೂರದಲ್ಲಿದೆ. ಅತಿಥಿ ಹಸಿದು ಮಲಗಬಾರದೆಂದು ಹಾತಿಂ ಅದೇ ಕುದುರೆಯನ್ನು ಕಡಿದು ಊಟ ಹಾಕಿರುತ್ತಾನೆ. ಬಂದ ಕೆಲಸ ಏನೆಂದು ದೂತ ಹೇಳುವುದು ಬೆಳಗ್ಗೆ!

ನಮ್ಮಲ್ಲಿ ಲಕ್ಕುಂಡಿಯ ಅತ್ತಿಮಬ್ಬೆ ಇದ್ದಾಳೆ. ಪೊನ್ನನ ‘ಶಾಂತಿಪುರಾಣ’ದ 1000 ಓಲೆಪ್ರತಿಗಳನ್ನು ಬರೆಸಿ ಹಂಚಿದವಳು, ‘ದಾನಚಿಂತಾಮಣಿ’ ಎನಿಸಿಕೊಂಡವಳು. ಒಬ್ಬ ಕೊಟ್ಟದ್ದು ಊಟ, ಒಬ್ಬಳು ಕೊಟ್ಟದ್ದು ಓದು.

ಇನ್ನು ಬಳಕೆ. ಸಮಯ ಕೊಡುವವರು ‘ಜೆನರಸ್ ವಿತ್ ಟೈಮ್’. ತಟ್ಟೆ ತುಂಬ ಬಡಿಸಿದರೆ ‘ಜೆನರಸ್ ಹೆಲ್ಪಿಂಗ್’. ಕೊಡುವ ವಸ್ತುವಿಗೆ ‘ವಿತ್’, ಪಡೆಯುವವರಿಗೆ ‘ಟು’. ಆದರೆ ಕನ್ನಡದ ‘ಧಾರಾಳವಾಗಿ ಕೇಳಿ’ ಎಂಬುದಕ್ಕೆ ‘ಆಸ್ಕ್ ಜೆನರಸ್ಲಿ’ ಅನ್ನಬೇಡಿ. ಅಲ್ಲಿ ‘ಫ್ರೀಲಿ’ ಸರಿ.

ಇದರ ವಿರುದ್ಧ ಪದ ‘ಸ್ಟಿಂಜಿ’, ಜಿಪುಣ. ಹೊಸ ಫೋನ್ ‘ಮುಂದಿನ ವರ್ಷ ನೋಡೋಣ’ ಅಂದ ಅಪ್ಪನಿಗೆ ನಿಮ್ಮಲ್ಲಿ ಕೆಲವರು ಈ ಪದ ಬಳಸುವುದನ್ನು ಕೇಳಿದ್ದೇನೆ. ಅದೇ ಅಪ್ಪ ತಿಂಗಳು ತಿಂಗಳು ಊರಿಗೆ ದುಡ್ಡು ಕಳಿಸುತ್ತಾರೆ: ಅಜ್ಜಿಯ ಔಷಧಿಗೆ, ತಂಗಿಯ ಮಗಳ ಫೀಸಿಗೆ. ತಮ್ಮ ಚಪ್ಪಲಿ ಸವೆದರೂ ‘ಇನ್ನೂ ಬರುತ್ತದೆ’ ಅನ್ನುತ್ತಾರೆ. ತನಗೆ ಹಿಡಿದು ಖರ್ಚು ಮಾಡುವವರನ್ನು ‘ಫ್ರೂಗಲ್’ ಅನ್ನಬೇಕು. ತನಗೆ ಫ್ರೂಗಲ್ ಆದವರೇ ಪರರಿಗೆ ಜೆನರಸ್ ಆಗಿರಬಹುದು. ಪದ ತಪ್ಪಿದರೆ ಪರೀಕ್ಷೆಯಲ್ಲಿ ಒಂದು ಅಂಕ ಹೋಗುತ್ತದೆ. ಮನೆಯಲ್ಲಿ ತಪ್ಪಿದರೆ ಒಬ್ಬರ ಮನಸ್ಸು ನೋಯುತ್ತದೆ.

ಈ ವಾರ ‘ಜೆನರಸ್’ ಹಾಕಿ ಒಂದು ವಾಕ್ಯ ಬರೆಯಿರಿ. ಅದರಲ್ಲಿ ದುಡ್ಡಿನ ಮಾತು ಬೇಡ. ಬರೆದದ್ದನ್ನು ಅಪ್ಪ ಅಮ್ಮನಿಗೆ ಓದಿ, ಅರ್ಥವನ್ನು ಕನ್ನಡದಲ್ಲಿ ಹೇಳಿ.