ದಾನನಾ, ಬಾಕಿನಾ? ಅಜ್ಜಿಯ ಪಾಸ್‌ಬುಕ್ಕು ಮತ್ತು ಬರ್ಮಾದಿಂದ ವಾಪಸ್ ಬಂದ ಸಿಪಾಯಿಗಳು

(ಪುಣೆಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಇರೋದನ್ನ ಹೆಚ್ಚೂಕಮ್ಮಿ ಹಾಗೇ ಇಟ್ಟಿದೆ.)

 

ಒಂದು ಕೈ ಎತ್ತಿಸ್ತೀನಿ. ನಿಮ್ಮ ತಾತ, ಮುತ್ತಾತ, ಚಿಕ್ಕತಾತ ಯಾರಾದ್ರೂ ಎರಡನೇ ಮಹಾಯುದ್ಧಕ್ಕೆ ಹೋಗಿದ್ರು ಅಂತ ಮನೇಲಿ ಕೇಳಿದವರು ಎಷ್ಟು ಜನ? ಐದು, ಆರು... ಅಲ್ಲಿ ಹಿಂದೆ ಒಬ್ಬರು. ಏಳು. ಅವರ ಕಾಗದಪತ್ರ ಎಲ್ಲಿದೆ ಅಂತ ಗೊತ್ತಿರೋರು? (ನಗು) ಸರಿ. ನನಗೂ 2013ರ ತನಕ ಗೊತ್ತಿರಲಿಲ್ಲ.

ನಮ್ಮದು ಕೋಲಾರದ ಕಡೆ ಹಳ್ಳಿ. ತಾತ 1942ರಲ್ಲಿ ಬೆಂಗಳೂರಿಗೆ ಹೋಗಿ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿಕೊಂಡ್ರು. ಸ್ಯಾಪರ್ಸ್ ಅಂದ್ರೆ ಸೇತುವೆ ಕಟ್ಟೋದು, ರಸ್ತೆ ಮಾಡೋದು, ಮೈನ್ ತೆಗೆಯೋದು. ಇಂಫಾಲ್‌ನಿಂದ ಬರ್ಮಾ ಒಳಗೆ ಹೋಗೋ ರಸ್ತೇಲಿ ಕೆಲಸ ಮಾಡಿದ್ರಂತೆ. 1946ರಲ್ಲಿ ಮನೆಗೆ ಕಳಿಸಿದ್ರು. ನಾಲ್ಕು ವರ್ಷದ ನೌಕರಿ. 1948ರಲ್ಲಿ ಮದುವೆ. 1979ರಲ್ಲಿ ತೀರಿಕೊಂಡ್ರು, ನಾನು ಹುಟ್ಟೋಕೆ ಮುಂಚೆ. ಅಜ್ಜಿ ಅವರ ಬಗ್ಗೆ ಹೇಳ್ತಾ ಇದ್ದಿದ್ದು ಎರಡೇ ಮಾತು: ಬರ್ಮಾದಲ್ಲಿ ಮಳೆ ನಿಲ್ಲೋದೇ ಇಲ್ಲವಂತೆ, ಮತ್ತೆ ಅಲ್ಲಿಂದ ಬಂದಮೇಲೆ ಅವರು ಅನ್ನಕ್ಕೆ ಒಂದು ದಿನವೂ ಹೆಸರು ಇಡಲಿಲ್ಲವಂತೆ.

ಪಿಂಚಣಿ ಇರಲಿಲ್ಲ. ನಾನು ಚಿಕ್ಕವನಿದ್ದಾಗ, ತಾತ ಏನೋ ತಪ್ಪು ಮಾಡಿ ಬಿಟ್ಟು ಬಂದಿರಬೇಕು, ಅದಕ್ಕೇ ಪಿಂಚಣಿ ಇಲ್ಲ ಅಂದ್ಕೊಂಡಿದ್ದೆ. ಹಾಗಲ್ಲ. ಲೆಕ್ಕ ನೋಡಿ. 1939ರಲ್ಲಿ ಭಾರತೀಯ ಸೇನೆ ಇದ್ದಿದ್ದು ಸುಮಾರು 2 ಲಕ್ಷ. 1945ರ ಹೊತ್ತಿಗೆ ಅದು 25 ಲಕ್ಷ. ಕಡ್ಡಾಯ ಭರ್ತಿ ಇಲ್ಲದೇ ಆಗಿದ್ದು ಇದು, ಎಲ್ಲಾ ತಾವಾಗೇ ಸೇರಿದವರು. ತಾವಾಗೇ ಅಂದ್ರೂ ಅದರಲ್ಲಿ ಹಸಿವು ಎಷ್ಟು, ಉತ್ಸಾಹ ಎಷ್ಟು ಅಂತ ನಾವೇ ಊಹಿಸಬಹುದು. 87 ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಯುದ್ಧ ಮುಗೀತು, ಅಷ್ಟು ದೊಡ್ಡ ಸೇನೆ ಬೇಡ, ಲಕ್ಷಗಟ್ಟಲೆ ಜನಕ್ಕೆ ಕೈಗೆ ಒಂದಿಷ್ಟು ಗ್ರ್ಯಾಚುಯಿಟಿ, ರೈಲು ಟಿಕೆಟ್ಟು ಕೊಟ್ಟು ಊರಿಗೆ. ಸಿಪಾಯಿಗೆ ಪಿಂಚಣಿ ಬರಬೇಕಾದ್ರೆ 15 ವರ್ಷ ಸರ್ವೀಸ್ ಆಗಿರಬೇಕು. ಯುದ್ಧಕ್ಕೆ ಅಂತ ಸೇರಿದವನಿಗೆ 15 ವರ್ಷ ಎಲ್ಲಿಂದ ಬರುತ್ತೆ? ನಮ್ಮ ಭಾಷೇಲಿ ಹೇಳೋದಾದ್ರೆ ಪ್ರಾಜೆಕ್ಟ್ ಮುಗೀತು, ಎಲ್ಲರೂ ಬೆಂಚಿಗೂ ಅಲ್ಲ, ಸೀದಾ ಮನೆಗೆ.

ಇದು ನಮ್ಮ ಕಥೆ ಮಾತ್ರ ಅಲ್ಲ. ಬರ್ಮಾದಲ್ಲಿ ನಮ್ಮವರ ಪಕ್ಕದಲ್ಲಿ ಆಫ್ರಿಕಾದವರಿದ್ರು. 81 ಮತ್ತು 82ನೇ ಪಶ್ಚಿಮ ಆಫ್ರಿಕಾ ಡಿವಿಷನ್, 11ನೇ ಪೂರ್ವ ಆಫ್ರಿಕಾ ಡಿವಿಷನ್. ಇವತ್ತಿನ ಘಾನಾ, ನೈಜೀರಿಯಾ, ಕೀನ್ಯಾ, ಮಲಾವಿಯ ಹುಡುಗರು. ಅವರಿಗೂ ಇದೇ ಗತಿ. ಘಾನಾದಲ್ಲಿ 1948ರ ಫೆಬ್ರವರಿ 28ರಂದು ಮಾಜಿ ಸೈನಿಕರು ಅಕ್ರಾದಲ್ಲಿ ಮೆರವಣಿಗೆ ಹೊರಟರು, ಕೊಡ್ತೀವಿ ಅಂದಿದ್ದು ಕೊಡಿ ಅಂತ ಗವರ್ನರ್‌ಗೆ ಅರ್ಜಿ ಕೊಡೋಕೆ. ಕ್ರಿಶ್ಚಿಯನ್ಸ್‌ಬೋರ್ಗ್ ಕೋಟೆ ಹತ್ತಿರ ಪೊಲೀಸರು ಗುಂಡು ಹಾರಿಸಿದ್ರು. ಮೂರು ಜನ ಸತ್ತರು: ಸಾರ್ಜೆಂಟ್ ಅಜೆಟಿ, ಕಾರ್ಪೊರಲ್ ಅಟಿಪೊ, ಪ್ರೈವೇಟ್ ಒಡಾರ್ಟೆ ಲ್ಯಾಂಪ್ಟಿ. ಊರಿಗೆ ಬೆಂಕಿ ಬಿತ್ತು, ಸ್ವಾತಂತ್ರ್ಯದ ಹೋರಾಟಕ್ಕೆ ಅಲ್ಲಿಂದ ವೇಗ ಬಂತು, 1957ಕ್ಕೆ ಘಾನಾ ಸ್ವತಂತ್ರ ಆಯ್ತು. ಜಪಾನಿನವರ ಗುಂಡಿಂದ ತಪ್ಪಿಸಿಕೊಂಡು ಬಂದವರು ಅರ್ಜಿ ಹಿಡ್ಕೊಂಡು ಹೋಗಿ ಸತ್ತರು. ನಾನು ಇದನ್ನ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಸರಿ, ಟ್ರಂಕಿನ ವಿಷಯ. 2013ರ ಡಿಸೆಂಬರ್, ನಾನು ರಜೆಗೆ ಊರಿಗೆ ಹೋಗಿದ್ದೆ. ಅಟ್ಟ ಕ್ಲೀನ್ ಮಾಡುವಾಗ ಹಳೇ ಟ್ರಂಕಲ್ಲಿ ತಾತನ ಡಿಸ್ಚಾರ್ಜ್ ಪುಸ್ತಕ ಸಿಕ್ತು. ಊರಿನ ಒಬ್ಬ ನಿವೃತ್ತ ಹವಾಲ್ದಾರ್ ಅದನ್ನ ನೋಡಿ, "ಅಜ್ಜಿಗೆ ಏನಾದ್ರೂ ಬರ್ತಾ ಇದೆಯಾ? ಇಲ್ಲವಾ? ಏನಪ್ಪಾ ನೀನು, ಅಷ್ಟು ಓದಿದೀಯಾ" ಅಂದ್ರು. ಪಿಂಚಣಿ ಇಲ್ಲದ ಎರಡನೇ ಮಹಾಯುದ್ಧದ ಸೈನಿಕರಿಗೆ, ಅವರ ವಿಧವೆಯರಿಗೆ ರಾಜ್ಯ ಸರಕಾರ ತಿಂಗಳು ತಿಂಗಳು ಸಹಾಯಧನ ಕೊಡುತ್ತೆ ಅನ್ನೋದು ನನಗೆ ಗೊತ್ತಾಗಿದ್ದು ಅವರಿಂದ.

ಅಲ್ಲಿಂದ ಮಂಜೂರಾತಿ ಪತ್ರ ಬರೋ ತನಕ 20 ತಿಂಗಳು. ತಾತನ ಹೆಸರು "ಅಪ್ಪ" ಅಂತ ಮುಗಿಯುತ್ತೆ, ಪುಸ್ತಕದಲ್ಲಿ "ಸಾಮಿ" ಅಂತ ಮುಗಿದಿತ್ತು. ಯಾರೋ ತಮಿಳು ಗುಮಾಸ್ತರು ಬರ್ಕೊಂಡಿರಬೇಕು. ಇಬ್ಬರೂ ಒಬ್ಬರೇ ಅಂತ ಸಾಬೀತು ಮಾಡಬೇಕು. ಮದುವೆ ಆಗಿದ್ದು ಸೇನೆ ಬಿಟ್ಟಮೇಲೆ, ಹಾಗಾಗಿ ಸೇನೆಯ ದಾಖಲೇಲಿ ಅಜ್ಜಿ ಇಲ್ಲವೇ ಇಲ್ಲ. ಮರಣ ಪತ್ರ ಇರಲಿಲ್ಲ. 1979ರಲ್ಲಿ ಹಳ್ಳೀಲಿ ಸತ್ತವರದ್ದು ಯಾರು ಮಾಡಿಸಿದ್ರು? ವಂಶವೃಕ್ಷ, ಅಫಿಡವಿಟ್ಟು, ಛಾಪಾ ಕಾಗದ, ಸಾಕ್ಷಿ. ಒಂದು ಕಚೇರೀಲಿ, ಯಾವುದು ಅಂತ ಬೇಡ, 83 ದಾಟಿದ ಅಜ್ಜಿಯನ್ನ ಮೆಟ್ಟಿಲ ಮೇಲೆ ಕೂರಿಸಿ, "ನೀವೇ ಅವರ ಹೆಂಡತಿ ಅನ್ನೋಕೆ ಏನು ಗ್ಯಾರಂಟಿ" ಅಂತ ಕೇಳಿದ್ರು. ಅಜ್ಜಿ ನನ್ನ ಕಡೆ ನೋಡಿ, "ಅವರನ್ನೇ ಕರ್ಕೊಂಡು ಬರಬೇಕಿತ್ತೇನೋ" ಅಂದ್ರು. (ನಗು) ನೀವು ನಗ್ತೀರಿ, ಅವತ್ತು ನಾನು ನಗಲಿಲ್ಲ.

ಆದ್ರೆ ಕಚೇರಿಯವರನ್ನ ಮಾತ್ರ ಬೈದ್ರೆ ಸುಳ್ಳಾಗುತ್ತೆ. ಆ 20 ತಿಂಗಳಲ್ಲಿ 9 ತಿಂಗಳು ತಡ ನನ್ನದು. ಒಂದು ಅಫಿಡವಿಟ್ಟಿನ ಕರಡು ನನ್ನ ಮೇಲ್‌ಬಾಕ್ಸಲ್ಲಿ ಬಿದ್ದಿತ್ತು. ರಿಲೀಸ್ ಇತ್ತು, ಆಮೇಲೆ ಆನ್‌ಸೈಟ್ ಇತ್ತು, ಆಮೇಲೆ ಮನೆ ಶಿಫ್ಟಿಂಗ್ ಇತ್ತು. ಅಪ್ಪ ಫೋನಲ್ಲಿ ಕೇಳಿದಾಗೆಲ್ಲ "ಮಾಡ್ತೀನಪ್ಪಾ, ಈ ವೀಕೆಂಡ್" ಅಂತಿದ್ದೆ. ಆ 9 ತಿಂಗಳಿಗೆ ಕಾರಣ ಹೇಳೋಕೆ ನನ್ನ ಹತ್ರ ಬೇರೆ ಏನೂ ಇಲ್ಲ.

2015ರ ಆಗಸ್ಟಲ್ಲಿ ಮೊದಲ ಕಂತು ಬಂತು. ಪಾಸ್‌ಬುಕ್ಕಲ್ಲಿ ಎಂಟ್ರಿ ಹಾಕಿಸಿ ತಂದು ತೋರಿಸಿದೆ. ಅಜ್ಜಿಗೆ ಓದೋಕೆ ಬರಲ್ಲ, ಬೆರಳಲ್ಲಿ ಮುಟ್ಟಿ ನೋಡಿದ್ರು. ಆಮೇಲೆ ಕೇಳಿದ್ರು: "ಇದು ದಾನನಾ, ಬಾಕಿನಾ?"

ನಾನು ಬಾಕಿ ಅಂದೆ. ಬರಬೇಕಾಗಿದ್ದೇ ಅಜ್ಜಿ, ತಡ ಆಯ್ತು ಅಷ್ಟೇ. "ಹಂಗಾದ್ರೆ ಅವರು ಬಂದಾಗಿಂದ ಲೆಕ್ಕ ಹಾಕು" ಅಂದ್ರು. ಫೋನ್ ತೆಗೆದು ಲೆಕ್ಕ ಹಾಕಿದೆ. 1946ರಿಂದ 69 ವರ್ಷ, 828 ತಿಂಗಳು. ಅದನ್ನ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಡು ಮಗಾ. ಬಾಕಿ ಅಂದ್ರೆ ಇದು ತೀರೋ ಬಾಕಿ ಅಲ್ಲ. ದಾನ ಅಂತಲೇ ಇಟ್ಕೋತೀನಿ. ಕೊಟ್ಟೋರ ಹೆಸರೇನು? ದೀಪ ಹಚ್ಚುವಾಗ ಹೇಳ್ಬೇಕು" ಅಂದ್ರು.

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಆಮೇಲೆ ಹುಡುಕ್ತಾ ಹೋದೆ, ಅದೇ ಇವತ್ತು ನಾನು ಇಲ್ಲಿ ನಿಂತಿರೋದಕ್ಕೆ ಕಾರಣ.

1921ರಲ್ಲಿ ಕೇಪ್‌ಟೌನಲ್ಲಿ ಒಂದು ಸಂಸ್ಥೆ ಶುರುವಾಯ್ತು, ಬ್ರಿಟಿಷ್ ಎಂಪೈರ್ ಸರ್ವಿಸ್ ಲೀಗ್. ಇವತ್ತು ಅದರ ಹೆಸರು ರಾಯಲ್ ಕಾಮನ್‌ವೆಲ್ತ್ ಎಕ್ಸ್-ಸರ್ವಿಸಸ್ ಲೀಗ್. ಶುರು ಮಾಡಿದವರಲ್ಲಿ ಮುಖ್ಯರು ಫೀಲ್ಡ್ ಮಾರ್ಷಲ್ ಹೇಗ್. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥ. ಸೊಮ್ ಕಾಳಗದ ಮೊದಲನೇ ದಿನ, 1916ರ ಜುಲೈ 1, ಅವರ ಕಡೆ ಸತ್ತವರು ಗಾಯಗೊಂಡವರು ಸೇರಿ 57 ಸಾವಿರ. ಅದೇ ಮನುಷ್ಯ ಯುದ್ಧ ಮುಗಿದ ಮೇಲೆ 1928ರಲ್ಲಿ ಸಾಯೋ ತನಕ ಮಾಜಿ ಸೈನಿಕರಿಗೋಸ್ಕರ ಊರೂರು ತಿರುಗಿದ. ಪ್ರಾಯಶ್ಚಿತ್ತನೋ ಏನೋ, ನಾನು ತೀರ್ಪು ಕೊಡಲ್ಲ.

ಈ ಲೀಗ್ ಮಾಡೋದು ಸರಳ ಕೆಲಸ. ಒಂದು ದೇಶ ಸ್ವತಂತ್ರ ಆಗೋಕೆ ಮುಂಚೆ ಬ್ರಿಟಿಷ್ ರಾಜನ ಸೇನೇಲಿ ದುಡಿದು, ಈಗ ಕಷ್ಟದಲ್ಲಿರೋ ಸೈನಿಕ ಅಥವಾ ಅವನ ವಿಧವೆಗೆ ಸಹಾಯ. ನಮ್ಮ ಲೆಕ್ಕದಲ್ಲಿ 1947ರ ಆಗಸ್ಟ್ 15ಕ್ಕೆ ಮುಂಚೆ. ಲಂಡನ್ನಿಂದ ನೇರ ಯಾರ ಕೈಗೂ ದುಡ್ಡು ಹೋಗಲ್ಲ, ಆಯಾ ದೇಶದ ಮಾಜಿ ಸೈನಿಕರ ಸಂಘದ ಮೂಲಕ ಹೋಗುತ್ತೆ. ಅವರ ಗುರಿ ಏನು ಗೊತ್ತಾ? ದಿನಕ್ಕೆ ಒಂದು ಊಟ. 2018ರಲ್ಲಿ ಬ್ರಿಟನ್ ಸರಕಾರ ಸುಮಾರು 1.2 ಕೋಟಿ ಪೌಂಡ್ ಕೊಡ್ತೀವಿ ಅಂತ ಹೇಳಿದ ಮೇಲೆ ಅದು ಎರಡು ಊಟ ಆಯ್ತು. ಸುಮಾರು 7,000 ಜನಕ್ಕೆ. ಅವರಲ್ಲಿ ಎಷ್ಟೋ ಜನಕ್ಕೆ ಆಗಲೇ 90 ದಾಟಿತ್ತು. ಇದು ಒಳ್ಳೇ ಕೆಲಸವಾ? ಹೌದು. ಆದ್ರೆ ಸಾಮ್ರಾಜ್ಯಕ್ಕೋಸ್ಕರ ಕಾದಾಡಿದವನಿಗೆ ಎರಡನೇ ಊಟ ಸಿಗೋಕೆ 73 ವರ್ಷ ಬೇಕಾಯ್ತಾ ಅಂತಲೂ ಅನ್ಸುತ್ತೆ. ಎರಡೂ ಒಟ್ಟಿಗೆ ಅನ್ಸುತ್ತೆ.

ನೇಪಾಳದ್ದು ಇನ್ನೊಂದು ಥರ. 1947ರಲ್ಲಿ ಹತ್ತು ಗೂರ್ಖಾ ರೆಜಿಮೆಂಟಲ್ಲಿ ಆರು ಭಾರತಕ್ಕೆ, ನಾಲ್ಕು ಬ್ರಿಟನ್‌ಗೆ ಹಂಚಿಕೆ ಆಯ್ತು. ಬ್ರಿಟನ್ ಕಡೆ ಹೋದವರಲ್ಲಿ ಯುದ್ಧಕಾಲದವರು, 15 ವರ್ಷ ತುಂಬೋಕೆ ಮುಂಚೆ ಕಳಿಸಲ್ಪಟ್ಟವರು ಪಿಂಚಣಿ ಇಲ್ಲದೇ ಉಳಿದರು. ಅವರಿಗೋಸ್ಕರ 1969ರಲ್ಲಿ ಗೂರ್ಖಾ ವೆಲ್ಫೇರ್ ಟ್ರಸ್ಟ್ ಶುರುವಾಯ್ತು. ಬೆಟ್ಟದ ಮೇಲಿರೋ ಮುದುಕರಿಗೆ, ವಿಧವೆಯರಿಗೆ ತಿಂಗಳ ಹಣ, ಔಷಧಿ, 2015ರ ಭೂಕಂಪದಲ್ಲಿ ಬಿದ್ದ ಮನೆಗಳನ್ನ ಮತ್ತೆ ಕಟ್ಟಿಕೊಡೋದು. ಇಲ್ಲಿ ನಾವೂ ಕೊಡೋ ಕಡೆ ಇದೀವಿ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ: ನಮ್ಮ ಸೇನೇಲಿ ದುಡಿದು ನೇಪಾಳಕ್ಕೆ ವಾಪಸ್ ಹೋದವರಿಗೆ ಭಾರತ ಪಿಂಚಣಿ ಕೊಡುತ್ತೆ. ಕಾಠ್ಮಂಡು, ಪೊಖರಾ, ಧರಾನಲ್ಲಿ ಅದಕ್ಕೇ ಅಂತ ನಮ್ಮ ಕಚೇರಿಗಳಿವೆ.

ಚೆನ್ನೈಯಿಂದ ನೋಡ್ತಾ ಇರೋರಿಗೆ ಒಂದು ಮಾತು. ಪುದುಚೇರಿಗೆ ವೀಕೆಂಡ್ ಹೋಗ್ತೀರಲ್ಲ, ಅಲ್ಲಿ ಫೊಯೇ ದು ಸೊಲ್ದಾ ಅಂತ ಒಂದು ಕಟ್ಟಡ ಇದೆ, ಫ್ರೆಂಚ್ ಸೇನೇಲಿದ್ದವರದ್ದು. ಕೆಫೆಗೆ ಹೋಗೋ ದಾರೀಲಿ ಒಂದು ಸಲ ನೋಡಿ. ಇದೇ ಫ್ರಾನ್ಸ್ 1959ರಲ್ಲಿ ತನ್ನ ವಸಾಹತುಗಳಿಂದ ಬಂದಿದ್ದ, ಫ್ರೆಂಚ್ ಪೌರತ್ವ ಇಲ್ಲದ ಸೈನಿಕರ ಪಿಂಚಣೀನ ಅವತ್ತಿನ ದರಕ್ಕೇ ನಿಲ್ಲಿಸಿಬಿಡ್ತು. ಬೆಲೆ ಏರ್ತಾ ಹೋಯ್ತು, ಪಿಂಚಣಿ ಅಲ್ಲೇ. 2006ರಲ್ಲಿ ಉತ್ತರ ಆಫ್ರಿಕಾದ ಸಿಪಾಯಿಗಳ ಬಗ್ಗೆ "ಇಂಡಿಜೆನ್" ಅನ್ನೋ ಸಿನಿಮಾ ಬಂದು ಗಲಾಟೆ ಆದಮೇಲೆ ಇನ್ನಷ್ಟು ಸರಿಪಡಿಸಿದ್ರು. ಅರ್ಜಿಗಳಿಂದ ಅರ್ಧಂಬರ್ಧ ಆಗಿದ್ದು ಒಂದು ಸಿನಿಮಾದಿಂದ ಮುಂದಕ್ಕೆ ಹೋಯ್ತು.

ಇನ್ನು ನಮ್ಮ ಅಜ್ಜಿಗೆ ಕೊಟ್ಟವರ ಹೆಸರು. ಅವರಿಗೆ ಬಂದಿದ್ದು ರಾಜ್ಯದ ದುಡ್ಡು, ಅಂದ್ರೆ ನಿಮ್ಮ ನಮ್ಮ ತೆರಿಗೆ. ಇದಲ್ಲದೇ ಕೇಂದ್ರೀಯ ಸೈನಿಕ ಮಂಡಳಿಯದ್ದು ಒಂದು ಯೋಜನೆ ಇದೆ: ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ, ಪಿಂಚಣಿ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಅಥವಾ ಅವರ ವಿಧವೆಯರಿಗೆ. ತಿಂಗಳಿಗೆ 4,000 ಇದ್ದಿದ್ದು 2025ರ ನವೆಂಬರ್‌ನಿಂದ 8,000 ಆಗಿದೆ. ಆ ಹಣದ ಮೂಲ ಸಶಸ್ತ್ರ ಪಡೆಗಳ ಧ್ವಜ ದಿನಾಚರಣೆ ನಿಧಿ. ಡಿಸೆಂಬರ್ 7ಕ್ಕೆ ಆಫೀಸಲ್ಲಿ, ಸ್ಕೂಲಲ್ಲಿ ಡಬ್ಬಿ ಹಿಡ್ಕೊಂಡು ಬಂದು ಅಂಗಿಗೆ ಚಿಕ್ಕ ಬಾವುಟ ಚುಚ್ತಾರಲ್ಲ, ಅದು. 1949ರಿಂದ ನಡೀತಾ ಇದೆ. ಸ್ಕೂಲಲ್ಲಿ ನಾನೂ ಹಾಕಿದೀನಿ ಎಂಟಾಣೆ. ಯಾಕೆ ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. "ಅಷ್ಟು ಜನದ ಹೆಸರು ಹೇಳೋಕೆ ಎಣ್ಣೆ ಸಾಲಲ್ಲ" ಅಂದ್ರು.

14 ತಿಂಗಳು ಬಂತು. 2016ರ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು. ಬಂದ ದುಡ್ಡಲ್ಲಿ ಕಣ್ಣಿನ ಆಪರೇಷನ್ ಆಗಿತ್ತು, ಮೊಮ್ಮಕ್ಕಳಿಗೆಲ್ಲ ಬಟ್ಟೆ ಆಗಿತ್ತು. ನನಗೆ ಕೊಟ್ಟಿದ್ದು ಒಂದು ನೀಲಿ ಅಂಗಿ, ಒಂದು ಸೈಜ್ ಚಿಕ್ಕದು. ನಾನು 9 ತಿಂಗಳು ಆ ಅಫಿಡವಿಟ್ಟನ್ನ ಮೇಲ್‌ಬಾಕ್ಸಲ್ಲಿ ಇಟ್ಕೊಳ್ದೇ ಇದ್ದಿದ್ರೆ 14 ಇದ್ದಿದ್ದು 23 ಆಗಿರೋದು. ಕೀಲುನೋವಿಗೆ ಡಾಕ್ಟರ್ ಬರ್ಕೊಟ್ಟ ಮಾತ್ರೇನ ಅಜ್ಜಿ "ದುಬಾರಿ" ಅಂತ ಅರ್ಧ ಮುರಿದು ತಗೋತಿದ್ದ ಕಾಲ ಅದು. ನಾನು ಆಗ ಪುಣೇಲಿ ಕಾರು ಬುಕ್ ಮಾಡ್ತಾ ಇದ್ದೆ.

ಎರಡನೇ ಯುದ್ಧದ ಕಾಲದ ವಿಧವೆಯರು ಇನ್ನೂ ಕೆಲವರಿದ್ದಾರೆ, ಎಲ್ಲರೂ 90ರ ಆಸುಪಾಸು. ಆದ್ರೆ ಪಿಂಚಣಿ ತುಂಬದೇ ಬಂದವರು ಆಮೇಲಿನ ಕಾಲದಲ್ಲೂ ಇದ್ದಾರೆ, 62ರವರು, 65ರವರು, 71ರವರು. ಆ ಏಳು ಜನ ಕೈ ಎತ್ತಿದ್ರಲ್ಲ, ಈ ಸಲ ಊರಿಗೆ ಹೋದಾಗ ಅಟ್ಟ ನೋಡಿ. ಡಿಸ್ಚಾರ್ಜ್ ಪುಸ್ತಕ ಸಿಕ್ಕಿದ್ರೆ ಮೊದಲು ಸೈನಿಕನ ನಂಬರ್ ಬರ್ಕೊಳ್ಳಿ, ಫೋಟೋ ತೆಗೀರಿ, ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. ಹೋಗಬೇಕಾಗಿದ್ದು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ. ಹೆಸರು ತಾಳೆ ಆಗಲಿಲ್ಲ ಅಂದ್ರೆ ಗಾಬರಿ ಬೇಡ, ನಂಬರ್ ಇದ್ರೆ ದಾರಿ ಇದೆ. ಪುಸ್ತಕ ಸಿಗಲಿಲ್ಲ ಅಂದ್ರೂ ಸೇನೆಯ ರೆಕಾರ್ಡ್ಸ್ ಕಚೇರಿಗೆ ಬರೀಬಹುದು, ಯಾವ ರೆಜಿಮೆಂಟ್ ಅಂತ ಗೊತ್ತಿದ್ರೆ. ಅಫಿಡವಿಟ್ಟು ಕೈಗೆ ಬಂದ ದಿನವೇ ಸೈನ್ ಹಾಕಿಸಿ. ನಾನು ಕಾಗದ ನೋಡಿ ಹೇಳಬಲ್ಲೆ, ಆರೇಳು ಮನೆಯವರದ್ದು ಈಗಾಗಲೇ ನೋಡಿದೀನಿ, ಮೂರು ಮಂಜೂರಾಗಿದೆ.

ತಾತನ ಪುಸ್ತಕ ತಂದಿದೀನಿ, ಇಲ್ಲಿ ಮೇಜಿನ ಮೇಲಿದೆ. ನೋಡಬೇಕು ಅನ್ನೋರು ಚಹಾ ಕುಡಿದು ಕೈ ಒರೆಸ್ಕೊಂಡು ಬನ್ನಿ. ಮೂರನೇ ಹಾಳೆ ಕಿತ್ತು ಬರ್ತಾ ಇದೆ, ಅದನ್ನ ಮಾತ್ರ ನಾನೇ ತಿರುಗಿಸ್ತೀನಿ.